ಹಿಮದ ನಾಡಿನ ದ್ರಾಕ್ಷಿ ಪಡ

ನಮ್ಮ ಜತ್ತ ಕಡೆ ದ್ರಾಕ್ಷಿ ಹಚ್ಚಿದವರಿಗೆ ನೀರಿನ ಚಿಂತಿ. ಅಮೇರಿಕಾದ ನ್ಯೂಯಾರ್ಕ್ ರಾಜ್ಯದಾಗ ಕ್ಯೂಕಾ ಅನ್ನೋ ಸರೋವರದ ದಂಡಿಯವರಿಗೆ ಹಿಮದ ಚಿಂತಿ. ಯುರೋಪಿನ ಒಳ್ಳೇ ದ್ರಾಕ್ಷಿ ಆ ಚಳಿಗೆ ಬದುಕೂದಿಲ್ಲ ಅಂತ ಅಲ್ಲಿಯವರು ಕೈಬಿಟ್ಟಿದ್ದರು. ಆ ಮಾತು ಸುಳ್ಳು ಮಾಡಿದವರು ಕಾನ್‌ಸ್ಟಾಂಟಿನ್ ಫ್ರಾಂಕ್.

ಉಕ್ರೇನಿನ ಕಡೆಯಿಂದ 1951ರಲ್ಲಿ ಬಂದರು. ವಯಸ್ಸು ಐವತ್ತು ದಾಟಿತ್ತು. ದ್ರಾಕ್ಷಿ ಬೇಸಾಯದಾಗ ಡಾಕ್ಟರೇಟ್ ಆಗಿತ್ತು, ಹಲವು ಭಾಷಾ ಬರತಿದ್ದವು, ಇಂಗ್ಲಿಷ್ ಮಾತ್ರ ಇಲ್ಲ. ಹಂಗಾಗಿ ಜಿನೀವಾ ಊರಿನ ಕೃಷಿ ಕೇಂದ್ರದಾಗ ಅಂಥಾ ಪಂಡಿತನ ಕೈಗೆ ಕಳೆ ತೆಗೆಯೋ ಕೆಲಸ ಕೊಟ್ಟರು. ಗಡಿಯಾಗಿರೋ ನಮಗ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಅವರ ವಾದ ಇಷ್ಟ: ಉಕ್ರೇನಿನ ಚಳಿಯಾಗ ಬದುಕಿದ ಬಳ್ಳಿ ಇಲ್ಲ್ಯಾಕ ಸಾಯಬೇಕು? ಬೇರು ಸರಿ ಇರಬೇಕಷ್ಟ. ಗೋಲ್ಡ್ ಸೀಲ್ ವೈನ್ ಕಂಪನಿಯ ಚಾರ್ಲ್ಸ್ ಫೂರ್ನಿಯೆ ಇದನ್ನ ನಂಬಿ 1953ರಲ್ಲಿ ಕರಕೊಂಡರು. ಇಬ್ಬರೂ ಚಳಿ ತಾಳೋ ಬೇರು ಹುಡುಕಿ, ಸಾವಿರಾರು ಕಸಿ ಕಟ್ಟಿದರು. ನಮ್ಮ ಪಡದ ಥಾಮ್ಸನ್ ಬಳ್ಳಿ ಬುಡದ ಡಾಗ್‌ರಿಜ್ ಬೇರೂ ಅಮೇರಿಕಾದ ಟೆಕ್ಸಾಸದ್ದೇ. ನಾವು ಕಟ್ಟೋದು ಉಪ್ಪುನೀರು, ಬರ ತಾಳಲಿ ಅಂತ. 1957ರ ಚಳಿಗಾಲ ಶೂನ್ಯದ ಕೆಳಗ 30 ಡಿಗ್ರಿ ದಾಟಿತು. ಕಸಿ ಬಳ್ಳಿ ಉಳದವು, ಫಲಾನೂ ಕೊಟ್ಟವು.

1962ರಲ್ಲಿ ಫ್ರಾಂಕ್ ಸ್ವಂತ ವೈನ್ ಮನೆ ತೆರೆದರು. ಸರೋವರ ಬೇಸಿಗಿ ಕಾವು ಹಿಡಿದಿಟ್ಟು ಇಳಿಜಾರಿನ ಬಳ್ಳಿ ಕಾಯ್ತದ. ರೀಸ್ಲಿಂಗ್ ಅಲ್ಲದೆ ಜಾರ್ಜಿಯಾ ದೇಶದ ಸಪೆರಾವಿ ದ್ರಾಕ್ಷಿಯಿಂದಲೂ ವೈನ್ ಇಳಿಸ್ತಾರ. ಅವರು 1985ರಲ್ಲಿ ತೀರಿಕೊಂಡ ಮ್ಯಾಲ ಮಗ ವಿಲ್ಲಿ, ಆಮೇಲೆ ಮೊಮ್ಮಗ ಫ್ರೆಡ್ ನಡೆಸಿದರು. ಈಗ ಮರಿಮೊಮ್ಮಗಳೂ ಅದೇ ಕೆಲಸದಾಗ ಅದಾಳ.