ಸಿಕಂದರಾಬಾದಿನ ರಮ್ಮಿಯಿಂದ ಆನ್‌ಲೈನ್ ಪೋಕರ್‌ವರೆಗೆ

ಇಸ್ಪೀಟು ನಮ್ಮವರಿಗೆ ಹೊಸದೇನಲ್ಲ. ಮದುವೆಯ ಹಿಂದಿನ ರಾತ್ರಿ, ಊರ ಜಾತ್ರೆ, ಕ್ಲಬ್ಬು... ಎಲ್ಲಿ ಹೋದರೂ ಒಂದು ಚಾಪೆ, ನಾಲ್ಕು ಜನ ಇದ್ದೇ ಇರುತ್ತಾರೆ. ಇಲ್ಲಿ ಅದಕ್ಕೆ ಪೇಕಾಟ ಅನ್ನುತ್ತಾರೆ, ಅಷ್ಟೇ ವ್ಯತ್ಯಾಸ. ಆದರೆ ನಾವು ಹೊಟ್ಟೆಪಾಡಿಗೆ ಬಂದು ನೆಲೆಸಿದ ಈ ಊರಿಗೂ ಇಡೀ ದೇಶದ ಇಸ್ಪೀಟಿನ ಕಾನೂನಿಗೂ ಒಂದು ನಂಟಿದೆ. ಇದು ಇಲ್ಲಿನ ಬಹಳ ಕನ್ನಡಿಗರಿಗೆ ಗೊತ್ತಿರಲಿಕ್ಕಿಲ್ಲ.

1963ರ ಮೇ 4ರಂದು ಪೊಲೀಸರು ಸಿಕಂದರಾಬಾದಿನ ಕ್ರೆಸೆಂಟ್ ರಿಕ್ರಿಯೇಷನ್ ಕ್ಲಬ್ ಮೇಲೆ ದಾಳಿ ಮಾಡಿದರು. ಒಳಗೆ ದುಡ್ಡು ಕಟ್ಟಿ ರಮ್ಮಿ ಆಡುತ್ತಿದ್ದರು. ಮೊಕದ್ದಮೆ ಹೂಡಿದ್ದು ನಿಜಾಮರ ಕಾಲದ ಹೈದರಾಬಾದ್ ಜೂಜು ಕಾಯ್ದೆಯಡಿ. ಅದು 1305ನೇ ಫಸಲಿಯದು, ಅಂದರೆ ಸುಮಾರು 1895ರದು. ಮ್ಯಾಜಿಸ್ಟ್ರೇಟರು ಶಿಕ್ಷೆ ಕೊಟ್ಟರು, ಹೈಕೋರ್ಟು ಬಿಡುಗಡೆ ಮಾಡಿತು, ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 1967ರ ನವೆಂಬರಿನಲ್ಲಿ ನ್ಯಾಯಮೂರ್ತಿ ಹಿದಾಯತುಲ್ಲಾ ತೀರ್ಪು ಬರೆದರು. ಮೂರೆಲೆ ಆಟ ಬರೀ ಅದೃಷ್ಟದ್ದು. ರಮ್ಮಿ ಹಾಗಲ್ಲ, ಬಿದ್ದ ಎಲೆ ನೆನಪಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಲೆಕ್ಕ ಹಾಕಬೇಕು, ಆದ್ದರಿಂದ ಇಲ್ಲಿ ಚಾತುರ್ಯದ್ದೇ ಮೇಲುಗೈ. ಇದು ತೀರ್ಪಿನ ಸಾರ. ಆಟ ನಡೆಸುವವರು ಅದರಿಂದ ಲಾಭ ಮಾಡಿಕೊಂಡರೆ ಅಪರಾಧವಾಗಬಹುದು ಎಂಬ ಮಾತೂ ಅದರಲ್ಲಿತ್ತು. ಜನ ನೆನಪಿಟ್ಟುಕೊಂಡದ್ದು ಮಾತ್ರ ಮೊದಲರ್ಧ!

ಮುಂದೆ ಆಟ ಕಂಪ್ಯೂಟರಿಗೆ, ಅಲ್ಲಿಂದ ಮೊಬೈಲಿಗೆ ಬಂದಾಗ ರಮ್ಮಿ, ಪೋಕರ್ ಕಂಪನಿಗಳೆಲ್ಲ ಈ ಚಾತುರ್ಯದ ಕೊಡೆಯಡಿಯಲ್ಲೇ ನಿಂತವು. ತಮಾಷೆ ನೋಡಿ. 2017ರಲ್ಲಿ ತೆಲಂಗಾಣ ಸರ್ಕಾರ ಸುಗ್ರೀವಾಜ್ಞೆ ತಂದು ದುಡ್ಡಿನ ಆನ್‌ಲೈನ್ ಆಟವನ್ನೇ ನಿಷೇಧಿಸಿತು. ಕರ್ನಾಟಕ 2021ರಲ್ಲಿ ಅಂಥದೇ ಕಾನೂನು ಮಾಡಿತು, 2022ರ ಫೆಬ್ರವರಿಯಲ್ಲಿ ಹೈಕೋರ್ಟು ಅದನ್ನು ಬಿಸಾಡಿತು. ಹಾಗಾಗಿ ಶಂಶಾಬಾದಿನಲ್ಲಿ ಆಡಿದರೆ ಅಪರಾಧ, ಬಸ್ಸು ಹಿಡಿದು ರಾಯಚೂರಿನಲ್ಲಿ ಇಳಿದು ಆಡಿದರೆ ಚಾತುರ್ಯ. ಕೆಲವು ವರ್ಷ ಹೀಗೇ ನಡೆಯಿತು.

ಈ ಗಲಾಟೆಯಲ್ಲಿ ಕೋರ್ಟುಗಳು ಹೆಚ್ಚಾಗಿ ಕೇಳಿದ್ದು ಎರಡೇ ಪ್ರಶ್ನೆ: ಅದೃಷ್ಟವೋ, ಚಾತುರ್ಯವೋ? ಮೂರನೆಯದೊಂದಿದೆ. ಮೇಜಿನ ಸುತ್ತ ಕೂತವರೆಲ್ಲ ತಮ್ಮ ತಮ್ಮ ಆಟವನ್ನೇ ಆಡುತ್ತಿದ್ದಾರೆಯೇ?

ಪೋಕರ್ ಟೂರ್ನಮೆಂಟಿನಲ್ಲಿ ಇಬ್ಬರು ಕೈಗೂಡಿಸಿದರೆ ಏನಾಗುತ್ತದೆ? ಫೋನಿನಲ್ಲಿ ಒಬ್ಬರ ಎಲೆ ಇನ್ನೊಬ್ಬರಿಗೆ ಹೇಳಿಕೊಳ್ಳುತ್ತಾರೆ. ನಡುವೆ ಸಿಕ್ಕಿಬಿದ್ದ ಅಮಾಯಕನನ್ನು ಎರಡೂ ಕಡೆಯಿಂದ ಪಣ ಏರಿಸಿ ಹೆದರಿಸುತ್ತಾರೆ. ಒಬ್ಬ ಬೇಕೆಂದೇ ಸೋತು ತನ್ನ ಚಿಪ್ಸ್ ಎಲ್ಲ ಇನ್ನೊಬ್ಬನಿಗೆ ದಾಟಿಸುತ್ತಾನೆ, ಬಹುಮಾನ ಆಮೇಲೆ ಹಂಚಿಕೆ. ಕ್ಲಬ್ಬಿನಲ್ಲಾದರೆ ಕಣ್ಣು, ಕೈಸನ್ನೆ ಗಮನಿಸಬಹುದಿತ್ತು. ಆನ್‌ಲೈನಿನಲ್ಲಿ ಎದುರಿಗಿರುವುದು ಒಂದು ಅಡ್ಡಹೆಸರು ಮಾತ್ರ.

ಇದು ಹೊಸ ಅನುಮಾನವೇನಲ್ಲ ಬಿಡಿ. ಪಣ ಒಡ್ಡುವವನು ದುರ್ಯೋಧನ, ದಾಳ ಹಾಕುವವನು ಶಕುನಿ. ಒಬ್ಬನಿಗಾಗಿ ಇನ್ನೊಬ್ಬ ಆಡುವುದು ಸರಿಯಲ್ಲ ಎಂದು ಧರ್ಮರಾಯ ಆಕ್ಷೇಪಿಸಿದ್ದು ವ್ಯಾಸಭಾರತದಲ್ಲೇ ಇದೆ. ಅನುಮಾನ ಬಂದರೂ ಎದ್ದು ಹೋಗಲಿಲ್ಲ, ಕೂತ. ಕೌಟಿಲ್ಯನೋ ಇನ್ನೂ ವ್ಯವಹಾರಸ್ಥ. ಜೂಜೆಲ್ಲ ಒಂದೇ ಕಡೆ, ಅಧ್ಯಕ್ಷನ ಕಣ್ಣೆದುರೇ ನಡೆಯಬೇಕು, ದಾಳ ಅವನೇ ಕೊಡಬೇಕು, ಗೆದ್ದದ್ದರಲ್ಲಿ ನೂರಕ್ಕೆ 5 ಪಾಲು ಬೊಕ್ಕಸಕ್ಕೆ. ದಾಳ ಬದಲಿಸಿದರೆ ದಂಡ.

ನನ್ನಂಥ ಬ್ಯಾಂಕಿನವರಿಗೆ ಇದು ಬೇಗ ಅರ್ಥವಾಗುತ್ತದೆ. ಇಬ್ಬರು ವ್ಯಾಪಾರಿಗಳು ಸರಕೇ ಇಲ್ಲದೆ ಒಬ್ಬರ ಮೇಲೊಬ್ಬರು ಬಿಲ್ ಬರೆದು ಡಿಸ್ಕೌಂಟ್ ಮಾಡಿಸಿಕೊಳ್ಳುವುದುಂಟು. ಒಂದೊಂದೇ ಬಿಲ್ ನೋಡಿದರೆ ಎಲ್ಲ ಸರಿ, ಸಹಿ ಸರಿ, ತಾರೀಕು ಸರಿ. ಎರಡೂ ಖಾತೆಯ ಲೆಡ್ಜರನ್ನು ಪಕ್ಕಪಕ್ಕ ಇಟ್ಟು ಆರು ತಿಂಗಳ ವ್ಯವಹಾರ ನೋಡಿದಾಗಲೇ ಬಣ್ಣ ಬಯಲು. ಪೋಕರ್ ಕೂಡ ಹಾಗೇ. ಒಂದು ಕೈ ಆಟದಿಂದ ಏನೂ ಸಾಬೀತಾಗದು, ಕೆಟ್ಟ ಆಟಗಾರನೂ ಬೇಕಾದಷ್ಟು ಸಲ ಹಾಗೆ ಆಡುತ್ತಾನೆ. ಸಾವಿರ ಕೈ ಲೆಕ್ಕ ಬೇಕು.

2007ರಲ್ಲಿ ಆಬ್ಸಲ್ಯೂಟ್ ಪೋಕರ್ ಹಗರಣ ಬಯಲಾದದ್ದು ಹೀಗೇ. ಎದುರಾಳಿಯ ಎಲೆ ಕಂಡವನಂತೆ ಆಡುತ್ತಿದ್ದ ಒಂದು ಖಾತೆಯ ಬಗ್ಗೆ ಆಟಗಾರರಿಗೆ ಅನುಮಾನ ಬಂತು. ಕಂಪನಿ ಕಳಿಸಿದ ದಾಖಲೆಯ ಕಡತವನ್ನು ಅವರೇ ಕೂತು ಜಾಲಾಡಿದರು. ಮೇಜಿನಲ್ಲಿ ಪ್ರೇಕ್ಷಕನಂತೆ ಇನ್ನೊಂದು ಖಾತೆ ಕೂತಿತ್ತು, ಅದಕ್ಕೆ ಎಲ್ಲರ ಎಲೆಯೂ ಕಾಣುತ್ತಿತ್ತು! ಮೊದಲು ಅಲ್ಲಗಳೆದ ಕಂಪನಿ ಕೊನೆಗೆ ಒಪ್ಪಿತು. ಅದೇ ವರ್ಷ ಪೋಕರ್‌ಸ್ಟಾರ್ಸ್‌ನ ದೊಡ್ಡ ಆನ್‌ಲೈನ್ ಟೂರ್ನಮೆಂಟ್ ಗೆದ್ದ ಖಾತೆಯೂ ನಿಯಮ ಮುರಿದದ್ದಕ್ಕೆ ಅನರ್ಹಗೊಂಡಿತು. ಬಹುಮಾನ 10 ಲಕ್ಷ ಡಾಲರಿಗೂ ಮೇಲಿತ್ತು.

ಗಮನಿಸಿ, ಲೆಡ್ಜರ್ ಇರುವುದು ಕಂಪನಿಯ ಕೈಯಲ್ಲಿ, ಪ್ರತಿ ಮೇಜಿನಿಂದಲೂ ಪಾಲು ಹೋಗುವುದು ಅದೇ ಕಂಪನಿಗೆ. ಕೌಟಿಲ್ಯನ ಅಧ್ಯಕ್ಷ ಅರಸನಿಗೆ ಲೆಕ್ಕ ಒಪ್ಪಿಸಬೇಕಿತ್ತು. ಇಲ್ಲಿ ಆಡಿಟರ್ ಯಾರು?

2025ರ ಆಗಸ್ಟಿನಲ್ಲಿ ಸಂಸತ್ತು ದುಡ್ಡಿನ ಆನ್‌ಲೈನ್ ಆಟಗಳನ್ನು ದೇಶದಾದ್ಯಂತ ನಿಷೇಧಿಸುವ ಕಾನೂನು ಮಾಡಿತು. ಅದೃಷ್ಟವೋ ಚಾತುರ್ಯವೋ ಎಂಬ ಭೇದವನ್ನೂ ಅದು ಒಪ್ಪಲಿಲ್ಲ. ಸಿಕಂದರಾಬಾದಿನ ಚಾಪೆಯಲ್ಲಿ ಹುಟ್ಟಿದ ವಾದಕ್ಕೆ ಅಷ್ಟರಮಟ್ಟಿಗೆ ತೆರೆ ಬಿತ್ತು ಅನ್ನಿ. ಆದರೆ ಹೊರದೇಶದಿಂದ ನಡೆಸುವ ಸೈಟುಗಳ ಕಡೆ ನಮ್ಮ ಹುಡುಗರು ವಾಲಿದರೆ, ಅಲ್ಲಿ ದೂರು ಕೊಡಲೂ ದಾರಿ ಇರದು. ಹಾಸ್ಟೆಲಿನಲ್ಲೋ ಪಿಜಿಯಲ್ಲೋ ಇರುವ ಮಗ "ನನಗೆ ಆಟ ಚೆನ್ನಾಗಿ ಬರುತ್ತೆ ಅಪ್ಪ" ಎಂದರೆ ನಂಬಿ, ಬರುತ್ತಿರಬಹುದು. ಆದರೆ ಮೇಜಿನಲ್ಲಿ ಅವನೆದುರು ಆರು ಜನ ಕೂತಿದ್ದಾರೋ, ಆರು ಹೆಸರಿನ ಒಬ್ಬನೇ ಕೂತಿದ್ದಾನೋ, ಅದನ್ನೊಂದು ಕೇಳಿ ನೋಡಿ.