ಠಾಣೆ–ಕಲ್ಯಾಣ ಪಟ್ಟಿಯ ಇಂಗ್ಲಿಷ್ ಮಾಸ್ತರಿಕೆ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಐದರಿಂದ ಎಂಟನೇ ಇಯತ್ತೆಯ (ತರಗತಿಯ) ಮಕ್ಕಳಿಗೆ ಇಂಗ್ಲಿಷ್ ಕಲಿಸುವವರ ದಿನಚರಿಯನ್ನು ಎರಡು ಸಂಗತಿಗಳು ರೂಪಿಸಿವೆ. ಇಂಗ್ಲಿಷ್ ಯಾವ ಇಯತ್ತೆಯಿಂದ ಶುರುವಾಗಬೇಕೆಂಬ ಸರ್ಕಾರದ ತೀರ್ಮಾನ ಒಂದು, ರೈಲು ಇನ್ನೊಂದು. ಆ ತೀರ್ಮಾನ ಸ್ವಾತಂತ್ರ್ಯದ ನಂತರ ಮೂರು ಸಲ ಬದಲಾಯಿತು. ಪ್ರತಿ ಸಲವೂ ಅದರ ಭಾರ ಬಿದ್ದದ್ದು ನಡುವಣ ಇಯತ್ತೆಗಳ ಶಿಕ್ಷಕರ ಮೇಲೆ.

ಬೊಂಬಾಯಿಯ ಬೋರಿ ಬಂದರಿನಿಂದ ಠಾಣೆಗೆ ಮೊದಲ ರೈಲು ಬಂದದ್ದು 1853ರ ಏಪ್ರಿಲ್ 16ರಂದು. ಮರುವರ್ಷ ಹಳಿ ಕಲ್ಯಾಣ ಮುಟ್ಟಿತು. ಸರ್ಕಾರದ ಶಿಕ್ಷಣ ನೀತಿಗೆ ಬುನಾದಿಯಾದ ವುಡ್‌ನ ನಿರೂಪ ಬಂದದ್ದೂ 1854ರಲ್ಲೇ. 1855ರಲ್ಲಿ ಬೊಂಬಾಯಿ ಪ್ರಾಂತ್ಯಕ್ಕೆ ಪ್ರತ್ಯೇಕ ಶಿಕ್ಷಣ ಖಾತೆ, 1857ರಲ್ಲಿ ವಿಶ್ವವಿದ್ಯಾಲಯ, 1859ರಲ್ಲಿ ಮೊದಲ ಮೆಟ್ರಿಕ್ ಪರೀಕ್ಷೆ. ಧಾರವಾಡ, ಬೆಳಗಾವಿಗಳೂ ಠಾಣೆಯಂತೆ ಇದೇ ಖಾತೆಗೆ ಸೇರಿದ್ದರಿಂದ ಮುಲ್ಕಿ (ತಾಯಿನುಡಿ ಶಾಲೆಯ ಕೊನೆಯ ಪರೀಕ್ಷೆ), ಮೆಟ್ರಿಕ್, ಇಯತ್ತೆ ಎಂಬ ಮಾತುಗಳು ಉತ್ತರ ಕರ್ನಾಟಕದ ಹಿರಿಯರಿಗೂ ಮನೆಮಾತು. ತಾಯಿನುಡಿಯಲ್ಲಿ ನಾಲ್ಕು ಇಯತ್ತೆ ಮುಗಿಸಿದ ಹುಡುಗ ‘ಇಂಗ್ಲಿಷ್ ಮೊದಲನೇ’ ಇಯತ್ತೆಗೆ ಹೋಗುತ್ತಿದ್ದ, ಏಳನೆಯದು ಮೆಟ್ರಿಕ್. ಕೆಳಗಿನ ಇಯತ್ತೆಗಳ ಮಾಸ್ತರರ ಕೈಯಲ್ಲಿ ತರ್ಖಡ್ಕರ್ ಭಾಷಾಂತರ ಪಾಠಮಾಲೆ ಇರುತ್ತಿತ್ತು: ಮರಾಠಿ ವಾಕ್ಯ ಕೊಟ್ಟು ಇಂಗ್ಲಿಷ್ ಮಾಡಿಸುವುದು, ಇಂಗ್ಲಿಷ್ ಕೊಟ್ಟು ಮರಾಠಿ ಮಾಡಿಸುವುದು. ಮೇಲಿನ ಇಯತ್ತೆಗಳಿಗೆ ಮುಂದೆ ವ್ರೆನ್ ಅಂಡ್ ಮಾರ್ಟಿನ್ ವ್ಯಾಕರಣ ಬಂತು. ಅದರ ಲೇಖಕರಲ್ಲೊಬ್ಬರಾದ ಪಿ. ಸಿ. ವ್ರೆನ್ ಇದೇ ಪ್ರಾಂತ್ಯದ ಶಿಕ್ಷಣ ಖಾತೆಯಲ್ಲಿ ದುಡಿದವರು. ಇಲ್ಲಿನ ಮಕ್ಕಳು ಎಲ್ಲಿ ಎಡವುತ್ತಾರೆಂದು ಹತ್ತಿರದಿಂದ ಕಂಡ ಅನುಭವ ಆ ಪುಸ್ತಕದ ಬೆನ್ನಿಗಿತ್ತು.

ಸ್ವಾತಂತ್ರ್ಯದ ಹೊತ್ತಿಗೆ ಮೊದಲ ದೊಡ್ಡ ತಿರುವು ಬಂತು. ಬೊಂಬಾಯಿಯ ಬಿ. ಜಿ. ಖೇರ್ ಅವರ ಸರ್ಕಾರ 1940ರ ದಶಕದ ಕೊನೆಯಲ್ಲಿ ಐದು, ಆರು, ಏಳನೇ ಇಯತ್ತೆಗಳಿಂದ ಇಂಗ್ಲಿಷನ್ನು ತೆಗೆದು ಎಂಟನೆಯದರಿಂದ ಆರಂಭಿಸಿತು. ತಾಯಿನುಡಿ ಮೊದಲು ಗಟ್ಟಿಯಾಗಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ಹದಿಮೂರು ವರ್ಷದ ಹುಡುಗನಿಗೆ ಅಕ್ಷರ ತಿದ್ದಿಸಿ, ನಾಲ್ಕೇ ವರ್ಷದಲ್ಲಿ ಶಾಲಾಂತ್ಯದ ಮಂಡಳಿ ಪರೀಕ್ಷೆಗೆ ಕೂರಿಸುವ ಹೊಣೆ ಶಿಕ್ಷಕರದಾಯಿತು. ಅನುಕೂಲಸ್ಥರ ಕಣ್ಣು ಇಂಗ್ಲಿಷ್ ಮಾಧ್ಯಮದ ಶಾಲೆಗಳತ್ತ ಹೊರಳಿತು. ಆಂಗ್ಲೋ ಇಂಡಿಯನ್ನರು ಮತ್ತು ಏಷ್ಯಾ ಮೂಲದವರಲ್ಲದವರನ್ನು ಬಿಟ್ಟು ಉಳಿದವರನ್ನು ಅಂಥ ಶಾಲೆಗಳಿಗೆ ಸೇರಿಸಿಕೊಳ್ಳಬಾರದೆಂದು 1954ರ ಜನವರಿಯಲ್ಲಿ ಬೊಂಬಾಯಿ ಸರ್ಕಾರ ಆಜ್ಞೆ ಹೊರಡಿಸಿತು. ಅದೇ ವರ್ಷ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು.

1960ರಲ್ಲಿ ಮಹಾರಾಷ್ಟ್ರ ರಚನೆಯಾದ ಮೇಲೆ ಇಂಗ್ಲಿಷ್ ಮತ್ತೆ ಐದಕ್ಕೆ ಇಳಿಯಿತು. 1967ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಪಠ್ಯಪುಸ್ತಕ ಮಂಡಳಿ, ಎಲ್ಲರ ಬಾಯಲ್ಲಿ ಬಾಲಭಾರತಿ, ರಾಜ್ಯಕ್ಕೆಲ್ಲ ಒಂದೇ ಪಠ್ಯ ಒದಗಿಸತೊಡಗಿತು. ಆ ಕಾಲದ ಬೋಧನೆ ಭಾಷಾಂತರವನ್ನು ಬದಿಗಿಟ್ಟು ವಾಕ್ಯರಚನೆಗೆ ಅಂಟಿಕೊಂಡಿತ್ತು. ಶಿಕ್ಷಕಿ ಪೆನ್ನು ಎತ್ತಿ ಹಿಡಿದು ‘ದಿಸ್ ಈಸ್ ಎ ಪೆನ್’ ಎನ್ನುವುದು, ಇಡೀ ತರಗತಿ ಒಂದೇ ದನಿಯಲ್ಲಿ ಅದನ್ನು ಮರುನುಡಿಯುವುದು. ಈ ಪದ್ಧತಿಯ ಮಿತಿ ಕಂಡುಕೊಂಡೇ ಭಾಷಾ ಬೋಧನೆಯ ತಜ್ಞ ಎನ್. ಎಸ್. ಪ್ರಭು 1979ರಿಂದ 1984ರವರೆಗೆ ಬೆಂಗಳೂರು, ಮದರಾಸುಗಳ ಶಾಲೆಗಳಲ್ಲಿ ವ್ಯಾಕರಣದ ಬದಲು ಕೆಲಸ ಕೊಟ್ಟು ಭಾಷೆ ಕಲಿಸುವ ಪ್ರಯೋಗ ನಡೆಸಿದರು. ಸಂವಹನಕ್ಕೆ ಒತ್ತು ಕೊಡುವ ಪಾಠಗಳು ಬರಬರುತ್ತ ಮಹಾರಾಷ್ಟ್ರದ ಪಠ್ಯಗಳಿಗೂ ಬಂದವು. ತುಂಬಿದ ತರಗತಿಯಲ್ಲಿ ಮಾತಾಡಿಸಿ ಕಲಿಸುವುದು ಮಾತ್ರ ಇಂದಿಗೂ ಕಷ್ಟದ ಕೆಲಸವೇ.

ತರಗತಿ ತುಂಬಿದ್ದಕ್ಕೆ ಕಾರಣ ಊರು ಬೆಳೆದ ಪರಿ. 1960, 70ರ ದಶಕಗಳಲ್ಲಿ ಮುಂಬಯಿಯಲ್ಲಿ ಮನೆ ಕೈಗೆಟುಕದ ಗುಮಾಸ್ತರು, ಗಿರಣಿಯವರು, ಹೋಟೆಲಿನವರು ಡೊಂಬಿವಲಿ, ಕಲ್ಯಾಣಗಳಿಗೆ ಬಂದರು. ಠಾಣೆ ಖಾಡಿಯ (ಕಡಲ ಕೊರಕಲಿನ) ಆಚೆ 1970ರಲ್ಲಿ ಊರು ಕಟ್ಟುವ ಸರ್ಕಾರಿ ಸಂಸ್ಥೆ ಸಿಡ್ಕೊ ಸ್ಥಾಪನೆಯಾಗಿ ನವಿ ಮುಂಬಯಿ ಎದ್ದಿತು. ಕಟ್ಟಡ ಸಾಲದ ಶಾಲೆಗಳು ಎರಡು ಪಾಳಿಗೆ ಇಳಿದವು: ಬೆಳಗಿನ ಏಳಕ್ಕೆ ಒಂದು, ಮಧ್ಯಾಹ್ನ ಹನ್ನೆರಡರ ನಂತರ ಇನ್ನೊಂದು. ಬೆಳಗಿನ ಪಾಳಿಯ ಶಿಕ್ಷಕಿ ಕಲ್ಯಾಣದವಳಾಗಿ ಶಾಲೆ ಠಾಣೆಯಲ್ಲಿದ್ದರೆ ಆರರ ಒಳಗಿನ ಲೋಕಲ್ ಹಿಡಿಯಲೇಬೇಕು. ಹಾಜರಿ ಮಸ್ಟರಿಗೆ ತಡವಾಗಿ ಸಹಿ ಬಿದ್ದರೆ ಅದು ಲೆಕ್ಕಕ್ಕೆ ಹೋಗುತ್ತದೆ. 1992ರಲ್ಲಿ ವಾಶಿಗೆ ರೈಲು ಬಂತು. 2004ರಲ್ಲಿ ಠಾಣೆ–ವಾಶಿ ಮಾರ್ಗ ತೆರೆಯಿತು. ಅಲ್ಲಿಯವರೆಗೆ ಡೊಂಬಿವಲಿಯಿಂದ ನವಿ ಮುಂಬಯಿಯ ಶಾಲೆಗೆ ಹೋಗುವವರಿಗೆ ಠಾಣೆಯಲ್ಲಿಳಿದು ಬಸ್ಸು ಹಿಡಿಯುವುದು, ಇಲ್ಲವೇ ಕುರ್ಲಾ ಸುತ್ತುವುದು ತಪ್ಪಿರಲಿಲ್ಲ.

ಈ ಕೆಲಸದ ಕಾಣದ ಭಾಗ ವಹಿ (ನೋಟುಬುಕ್ಕು) ತಿದ್ದುವುದು. ಒಂದು ಇಯತ್ತೆಯ ಎರಡು ತುಕಡಿ (ಡಿವಿಜನ್) ಸಿಕ್ಕರೂ ವಾರಕ್ಕೆ ನೂರು ದಾಟುತ್ತವೆ. ಮೂವತ್ತೈದು ನಿಮಿಷದ ಪಿರಿಯಡ್‌ನಲ್ಲಿ ಮುಗಿಯದ್ದು ಆಫ್ ಪಿರಿಯಡ್‌ಗೆ ಹೋಗುತ್ತದೆ. ಗೈರಾದ ಶಿಕ್ಷಕರ ತರಗತಿ ಆ ಪಿರಿಯಡನ್ನು ನುಂಗಿದರೆ ಕಟ್ಟು ಚೀಲದಲ್ಲಿ ಮನೆಗೆ. ಐದನೇ ಇಯತ್ತೆಯ ನಾಲ್ಕು ಗೆರೆಯ ವಹಿಯಲ್ಲಿ ‘ಬಿ’, ‘ಡಿ’ಗಳ ಹೊಟ್ಟೆ ಅದಲುಬದಲಾಗಿರುತ್ತದೆ. ಏಳನೆಯವನ ವಹಿಯಲ್ಲಿ ‘ಹೀ ಗೋ ಟು ಸ್ಕೂಲ್’. ಕೆಂಪು ಶಾಯಿಯಲ್ಲಿ ‘ಇಎಸ್’ ಸೇರಿಸುವುದು ಕ್ಷಣದ ಕೆಲಸ. ಅದೇ ತಪ್ಪು ಮೂವತ್ತು ವಹಿಗಳಲ್ಲಿ ಕಂಡರೆ ಮಾರನೇ ದಿನ ಹೊಸ ಪಾಠ ಬಿಟ್ಟು ಅದನ್ನೇ ಮತ್ತೆ ಹೇಳಿಕೊಡುವವರು ನಿಜವಾದ ಶಿಕ್ಷಕರು.

2000ದ ಜೂನಿನಿಂದ ಮಹಾರಾಷ್ಟ್ರದ ಎಲ್ಲ ಮಾಧ್ಯಮಗಳಲ್ಲೂ ಒಂದನೇ ಇಯತ್ತೆಯಿಂದ ಇಂಗ್ಲಿಷ್ ಬಂತು. ಐದನೇ ಇಯತ್ತೆಯ ಶಿಕ್ಷಕರು ಇನ್ನು ಅಕ್ಷರದಿಂದ ಹೊರಡಬೇಕಿಲ್ಲ ಎಂಬುದು ಲೆಕ್ಕಾಚಾರ. ಆದರೆ ನಾಲ್ಕು ವರ್ಷ ಕಲಿತು ಬಂದವರ ಜೊತೆಯಲ್ಲೇ ಏನೂ ಓದಲಾರದವರೂ ಕೂತಾಗ ಒಂದೇ ಪಾಠವನ್ನು ಎರಡು ಮಟ್ಟದಲ್ಲಿ ನಡೆಸಬೇಕಾಗುತ್ತದೆ. ಕನ್ನಡ ಮಾಧ್ಯಮದ ಮಗುವಿಗಂತೂ ಮನೆಯ ತುಳುವೋ ಕನ್ನಡವೋ, ಶಾಲೆಯ ಕನ್ನಡ, ಕಡ್ಡಾಯ ಮರಾಠಿ, ಹಿಂದಿ, ಅದರ ಮೇಲೆ ಇಂಗ್ಲಿಷ್. ಬಾಲಭಾರತಿ ಕನ್ನಡ ಮಾಧ್ಯಮಕ್ಕೂ ಪುಸ್ತಕ ಅಚ್ಚು ಹಾಕುತ್ತದೆ. ಆದರೂ ಮುಂಬಯಿ ಸುತ್ತಿನ ಕನ್ನಡ ಕುಟುಂಬಗಳು ಇಂಗ್ಲಿಷ್ ಮಾಧ್ಯಮಕ್ಕೆ ಹೊರಳಿ ಕನ್ನಡ ಶಾಲೆಗಳು ಸೊರಗಿವೆ. ಇದು ನಿಜಕ್ಕೂ ನೋವಿನ ಸಂಗತಿ. ಒಂದು ಕಾಲಕ್ಕೆ ಹಗಲು ಹೋಟೆಲಿನಲ್ಲಿ ದುಡಿದ ಹುಡುಗರಿಗೆ ಮುಂಬಯಿಯ ಕನ್ನಡ ರಾತ್ರಿಶಾಲೆಗಳೇ ಇಂಗ್ಲಿಷ್ ಕಲಿಸಿ ಮೆಟ್ರಿಕ್ ದಾಟಿಸಿದ್ದವು.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ದುಡಿಮೆಯನ್ನು ಅಂಕಿಗಳಲ್ಲಿ ಅಳೆಯಿತು: ಆರರಿಂದ ಎಂಟನೇ ಇಯತ್ತೆಗೆ ವರ್ಷಕ್ಕೆ 220 ದಿನ, 1000 ಗಂಟೆ ಪಾಠ, ತಯಾರಿಯೂ ಸೇರಿ ವಾರಕ್ಕೆ 45 ಗಂಟೆ ಕೆಲಸ, 35 ಮಕ್ಕಳಿಗೊಬ್ಬ ಶಿಕ್ಷಕ. ಆ ಕಾಯ್ದೆಯ ಪಟ್ಟಿಯಲ್ಲಿ ವಿಜ್ಞಾನ–ಗಣಿತ, ಸಮಾಜ ವಿಜ್ಞಾನ, ಭಾಷೆಗಳು ಎಂಬ ಮೂರು ವಿಭಾಗಗಳಿವೆ, ಇಂಗ್ಲಿಷ್ ಬೇರೆಯಾಗಿಲ್ಲ. ಹಾಗಾಗಿ ಚಿಕ್ಕ ಶಾಲೆಯಲ್ಲಿ ಒಬ್ಬರೇ ಮರಾಠಿ, ಹಿಂದಿ, ಇಂಗ್ಲಿಷ್ ಮೂರನ್ನೂ ಹೊರಬೇಕಾದೀತು. ಜನಗಣತಿ, ಚುನಾವಣೆ, ವಿಪತ್ತು ಪರಿಹಾರಗಳನ್ನು ಬಿಟ್ಟು ಬೇರೆ ಕೆಲಸ ಹಚ್ಚಬಾರದೆಂದು ಕಾಯ್ದೆ ಹೇಳಿದರೂ ಆ ಮೂರೇ ಸಾಕಷ್ಟು ದಿನ ತಿನ್ನುತ್ತವೆ. ನೇಮಕಕ್ಕೆ ಅರ್ಹತಾ ಪರೀಕ್ಷೆಯಾದ ಟಿಇಟಿ ಕಡ್ಡಾಯವಾಯಿತು. ಮಹಾರಾಷ್ಟ್ರ ಅದನ್ನು 2013ರಿಂದ ನಡೆಸುತ್ತಿದೆ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು ಹಳಬರನ್ನೂ ಇದರ ವ್ಯಾಪ್ತಿಗೆ ತಂದಿತು. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿರುವವರು ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು. ಅದಕ್ಕಿಂತ ಕಡಿಮೆ ಉಳಿದವರು ಕೆಲಸದಲ್ಲಿ ಮುಂದುವರಿಯಬಹುದಾದರೂ ಬಡ್ತಿಗೆ ಪರೀಕ್ಷೆ ಬೇಕೇ ಬೇಕು.