ಐದನೆಯ ಹೆಜ್ಜೆ ದನಕರುವಿಗೆ

ಕಳೆದ ವೈಶಾಖದಲ್ಲಿ ತಂಗಿಯ ಮೊಮ್ಮಗಳ ಮದುವೆಗೆಂದು ಬೆಂಗಳೂರಿಗೆ ಹೋಗಿದ್ದೆ. ಹುಡುಗಿ ಮಂಟಪಕ್ಕೆ ಬರುವಾಗ ಮುಂದೆ ಮುಂದೆ ಅವಳ ನಾಯಿ ಬಂತು. ಮೈಮೇಲೆ ಜರಿಯಂಚಿನ ಶಲ್ಯ, ಕೊರಳಲ್ಲಿ ಸೇವಂತಿಗೆ ಹಾರ. ಪುರೋಹಿತರು ಮಂತ್ರ ನಿಲ್ಲಿಸಿ ಕನ್ನಡಕದ ಮೇಲಿಂದ ನೋಡಿದರು. ಪಕ್ಕದಲ್ಲಿದ್ದ ಬೀಗರೊಬ್ಬರು, "ಏನ್ ಕಾಲ ಬಂತು ಸ್ವಾಮಿ, ನಮ್ಮ ಕಾಲದಲ್ಲಿ ಇದೆಲ್ಲ ಇತ್ತೇ?" ಎಂದರು. ಊಟದ ಹೊತ್ತಾಗಿತ್ತು, ವಾದಕ್ಕಿಳಿಯಲಿಲ್ಲ. ಆದರೆ ಇತ್ತು. ಇದಕ್ಕಿಂತ ಹೆಚ್ಚೇ ಇತ್ತು.

ನಮ್ಮದು ಕಡೂರು ಸೀಮೆಯ ಒಣಭೂಮಿ. ಅಜ್ಜಿ ಈ ಮನೆಗೆ ಬಂದದ್ದು ಕಮಾನು ಬಂಡಿಯಲ್ಲಿ, 14 ಮೈಲಿ, ರಾತ್ರಿಯಿಡೀ. ಬಿಸಿಲೇರಿದರೆ ಎತ್ತುಗಳು ಸೋಲುತ್ತವೆಂದು ದಿಬ್ಬಣ ಹೊರಡುತ್ತಿದ್ದುದೇ ಹೊತ್ತು ಮುಳುಗಿದ ಮೇಲೆ. ನಡುವೆ ಒಂದು ಕೆರೆ ಏರಿಯ ಮೇಲೆ ಕೊಳ್ಳು ಬಿಚ್ಚಿ ನೀರು ಕುಡಿಸಿದ್ದು, ಬುತ್ತಿಯ ಮೊದಲ ತುತ್ತು ಎತ್ತುಗಳಿಗೆ ಹೋದದ್ದು, ಆಮೇಲೆ ಮದುಮಗನಿಗೆ ಸಿಕ್ಕಿದ್ದು, ಇಷ್ಟನ್ನು ಅಜ್ಜಿ ಸಾಯುವವರೆಗೂ ಹೇಳುತ್ತಿದ್ದಳು. ತಾಳಿ ಕಟ್ಟಿದ ಗಳಿಗೆಯ ಬಗ್ಗೆ ಅವಳು ಹೇಳಿದ್ದು ಕಡಿಮೆ. ತಲೆ ತಗ್ಗಿಸಿದ್ದವಳು ನೋಡಿದ್ದಾದರೂ ಏನನ್ನು?

ಆ ಎತ್ತಿನ ಜೋಡಿಯನ್ನು ಮುತ್ತಜ್ಜ ಅಮೃತಮಹಲಿನ ಹರಾಜಿನಲ್ಲಿ ಹಿಡಿದಿದ್ದರಂತೆ. 1673ರಿಂದ 1704ರವರೆಗೆ ಮೈಸೂರನ್ನಾಳಿದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ಈ ದನದ ಇಲಾಖೆಗೆ ಬೆಣ್ಣೆ ಚಾವಡಿ ಎಂದು ಹೆಸರು. ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು. ಅಮೃತ ಎಂದು ಕರೆದರೂ ಅವನ ಸೈನ್ಯಕ್ಕೆ ಬೇಕಾಗಿದ್ದುದು ಹಾಲಲ್ಲ, ಫಿರಂಗಿ ಎಳೆಯುವ ಹೆಗಲು. ಕಾವಲುಗಳಲ್ಲಿ ಬಿಡುಬೀಸಾಗಿ ಬೆಳೆದ ಈ ದನಗಳಿಗೆ ಮನುಷ್ಯರೆಂದರೆ ಆಗದು. ಪಳಗಿಸುವಷ್ಟರಲ್ಲಿ ಒಬ್ಬಿಬ್ಬರ ಪಕ್ಕೆಲುಬು ಮುರಿದಿರುತ್ತಿತ್ತು. ಪಳಗಿದ ಮೇಲೆ ಮಾತ್ರ ಓಟಕ್ಕೆ ಅವುಗಳ ಸಮ ಇಲ್ಲ. ಸೈನ್ಯದ ತೋಪು ಎಳೆದ ತಳಿಯೇ ನಮ್ಮಜ್ಜಿಯನ್ನೂ ಎಳೆದು ತಂದಿತು ಎಂದು ನಾನು ತಮಾಷೆ ಮಾಡಿದರೆ ಅವಳು, "ಫಿರಂಗಿಗಿಂತ ನಾನೇನು ಹಗುರ?" ಎನ್ನುತ್ತಿದ್ದಳು.

ಹೆಣ್ಣು ತರುವುದಕ್ಕೂ ಎತ್ತು ತರುವುದಕ್ಕೂ ನಮ್ಮಲ್ಲಿ ಶಾಸ್ತ್ರ ಹೆಚ್ಚುಕಡಿಮೆ ಒಂದೇ. ಹುಡುಗಿಗೆ ಜಾತಕ, ಎತ್ತಿಗೆ ಸುಳಿ. ಕೂದಲ ಸುಳಿ ತಪ್ಪು ಜಾಗದಲ್ಲಿದ್ದರೆ ಎಂಥ ಎತ್ತಾದರೂ ಮನೆಗೆ ಕೇಡು ಎಂದು ಬಿಟ್ಟುಬರುತ್ತಿದ್ದರು. ಜಾತ್ರೆಯಲ್ಲಿ ವ್ಯಾಪಾರ ಟವೆಲ್ಲಿನ ಕೆಳಗೆ, ಬೆರಳು ಹಿಡಿದು. ಮದುವೆಯ ವ್ಯಾಪಾರ ಅಷ್ಟು ಗುಟ್ಟಾಗಿರಲಿಲ್ಲ, ಅದೊಂದೇ ವ್ಯತ್ಯಾಸ. ಹೊಸ ಎತ್ತು ಬಂದರೂ ಹೊಸ ಸೊಸೆ ಬಂದರೂ ಬಾಗಿಲಲ್ಲಿ ಕಾಲಿಗೆ ನೀರು, ಹಣೆಗೆ ಕುಂಕುಮ, ಅದೇ ಆರತಿ ತಟ್ಟೆ. ಅಜ್ಜಿ ಬಂದ ಬೆಳಗ್ಗೆ ನಮ್ಮ ಮನೆಯಲ್ಲಿ ಮೊದಲು ನೀರು ಬಿದ್ದದ್ದು ಎತ್ತುಗಳ ಗೊರಸಿಗೆ. ಅವಳು ಬಂಡಿಯಿಂದ ಇಳಿದದ್ದು ಆಮೇಲೆ. ಹಿಂದಿನ ಬಂಡಿಗೆ ಕಟ್ಟಿಕೊಂಡು ಬಂದದ್ದು ಬಳುವಳಿಯ ಕಂದುಹಸು. ತವರಿನಿಂದ ಅವಳ ಜೊತೆ ಉಳಿಯಲೆಂದು ಬಂದ ಜೀವ ಅದೊಂದೇ. ಮೊದಲ ವಾರ ಅತ್ತದ್ದೆಲ್ಲ ಅದರ ಕೊರಳು ತಬ್ಬಿಕೊಂಡೇ ಅಂತೆ.

ಇದು ಅಜ್ಜಿಯ ಕಾಲಕ್ಕೆ ಹುಟ್ಟಿದ್ದೂ ಅಲ್ಲ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಸೂರ್ಯೆಯ ಮದುವೆಯ ಸೂಕ್ತವಿದೆ. ಅವಳ ಬಂಡಿಗೆ ಹೂಡಿದ್ದು ಬೆಳ್ಳನೆಯ ಎರಡೆತ್ತು. ಮನೆಯ ಎರಡು ಕಾಲಿನವರಿಗಷ್ಟೇ ಅಲ್ಲ, ನಾಲ್ಕು ಕಾಲಿನವಕ್ಕೂ ಸೊಸೆ ಒಳಿತು ತರಲಿ ಎಂಬ ಹಾರೈಕೆಯೂ ಅಲ್ಲೇ ಇದೆ. ಸಪ್ತಪದಿಯಲ್ಲಿ ಕೃಷ್ಣಯಜುರ್ವೇದದವರ ಲೆಕ್ಕದಂತೆ ಐದನೆಯ ಹೆಜ್ಜೆ ಪಶುಗಳಿಗಾಗಿ. ಛತ್ರದ ನೆಲಹಾಸಿನ ಮೇಲೆ ಈಗಲೂ ಅದನ್ನು ಇಡುತ್ತಾರೆ, ಯಾರಿಗೆಂದು ಇಡುವವರಿಗೇ ಗೊತ್ತಿರುವುದಿಲ್ಲ.

ಪ್ರಾಣಿಗಳಿಗೇ ಮದುವೆ ಮಾಡುವ ಮಾತು ಬೇರೆ. ಮಳೆ ಬಾರದಿದ್ದರೆ ನಮ್ಮಲ್ಲಿ ಕಪ್ಪೆಗೂ ಕತ್ತೆಗೂ ಮದುವೆ ಮಾಡುತ್ತಾರೆ. ಅದು ಆಸೆಬುರುಕರ ಹರಕೆ. ಜುನಾಗಢದ ಕೊನೆಯ ನವಾಬ ಮೂರನೆಯ ಮಹಾಬತ್ ಖಾನ್ ತನ್ನ ಮುದ್ದಿನ ಹೆಣ್ಣುನಾಯಿಯ ಮದುವೆಯನ್ನು ದರ್ಬಾರಿನ ವೈಭವದಲ್ಲಿ ಮಾಡಿದ ಕಥೆ ಪ್ರಸಿದ್ಧ. 1947ರಲ್ಲಿ ರಾಜ್ಯ ಬಿಟ್ಟು ಕರಾಚಿಗೆ ವಿಮಾನ ಹತ್ತಿದಾಗಲೂ ಅವನ ಜೊತೆ ನಾಯಿಗಳಿದ್ದವು. ಜನ ನಕ್ಕರು, ನಾನೂ ನಕ್ಕಿದ್ದೇನೆ. ಆದರೆ ಗಿರ್ ಕಾಡಿನ ಸಿಂಹಗಳನ್ನು ಬೇಟೆಗಾರರಿಂದ ಕಾಪಾಡಿದವನೂ ಅವನೇ.

ನಮ್ಮ ಕಡೆ ದಿಬ್ಬಣದ ಬಂಡಿ ನಿಂತದ್ದು ಬಸ್ಸು ಬಂದಾಗ. ಟ್ರ್ಯಾಕ್ಟರ್ ಬಂದ ಮೇಲೆ ಕೊಟ್ಟಿಗೆಯೇ ಖಾಲಿಯಾಯಿತು.

1958ರಲ್ಲಿ ಸೋದರತ್ತೆಯ ಮದುವೆಗೆ ಊರಿಗೇ ಫೋಟೊ ತೆಗೆಯುವವನನ್ನು ಕರೆಸಿದ್ದರು. ಚಪ್ಪರದ ಮುಂದೆ ಸಾಲಾಗಿ ನಿಂತ ಜನ, ಯಾರೂ ನಕ್ಕಿಲ್ಲ. ಎಡ ಅಂಚಿನಲ್ಲಿ ಒಂದು ಕೊಂಬು, ಅದರ ತುದಿಗೆ ಹಿತ್ತಾಳೆ ಕಳಸ, ಅರ್ಧ ಮುಖ. ಮೊನ್ನೆ ಬೆಂಗಳೂರಿನ ಹುಡುಗಿ ಆ ಪಟ ಕೇಳಿ ತರಿಸಿಕೊಂಡಳು. ಫೋನಿನಲ್ಲಿ ಒಬ್ಬೊಬ್ಬರನ್ನೇ ತೋರಿಸಿ ಇವರ್ಯಾರು, ಅವರ್ಯಾರು ಎಂದು ಕೇಳಿದಳು. ಹಿಂದಿನ ಸಾಲಿನ ಇಬ್ಬರು ಗಂಡಸರ ಗುರುತು ನನಗೆ ಹತ್ತಲಿಲ್ಲ. ಅಂಚಿನಲ್ಲಿರುವುದು ಕರಿಯ. ಅವನ ಜೋಡಿ ಬಸವ ಪಟಕ್ಕೆ ಸಿಕ್ಕಿಲ್ಲ.